ಕಿಟ್ ರಿಜಿಸ್ಟರ್‌ನಲ್ಲಿ ಸಿಕ್ಕ ಹೆಸರುಗಳು

14 ಡಿಸೆಂಬರ್ 2025, ಭಾನುವಾರ
ದಾವಣಗೆರೆ

ಬೆಳಿಗ್ಗೆ ಎಂಟಕ್ಕೇ ಕಾಲೇಜಿಗೆ ಹೋದೆ. ಭಾನುವಾರ ಅಲ್ವಾ, ವಾಚ್‌ಮನ್ ಅಣ್ಣ ಒಬ್ಬರೇ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಪಿಡಿ ಸರ್ (ದೈಹಿಕ ಶಿಕ್ಷಣದವರು) ರೂಮಿನ ಪಕ್ಕದ ಸ್ಟೋರ್ ಬೀಗ ತೆಗೆಸಿದೆ. ಒಳಗೆ ಹರಿದ ವಾಲಿಬಾಲ್ ನೆಟ್, ತಲೆ ಸೀಳಿದ ಎರಡು ಖೋ ಖೋ ಕಂಬ, ಗಾಳಿ ಹೋದ ಫುಟ್‌ಬಾಲ್, ಇಲಿ ಹಿಕ್ಕೆ. ನಾನು ಹುಡುಕಿಕೊಂಡು ಹೋಗಿದ್ದು ಹೆಸರುಗಳನ್ನು.

ಜೂನ್‌ನಲ್ಲಿ ನನ್ನನ್ನು ಹಳೆ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ ಮಾಡಿದರು. ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ. ಈಗ ಹುಡುಗಿಯರ ಖೋ ಖೋ ಟೀಮ್ ಇದೆ. ಹರಿಹರ, ಮಾಯಕೊಂಡ, ಆನಗೋಡು ಕಡೆಯಿಂದ ಮೊದಲ ಬಸ್ಸಿಗೆ ಬರುವ ಮಕ್ಕಳು. ಪ್ರಾಕ್ಟೀಸ್ ಮುಗಿಸಿ ಏನೂ ತಿನ್ನದೆ ಕ್ಲಾಸಿಗೆ ಹೋಗುತ್ತಾರೆ. ಅವರಿಗೆ ಒಂದು ಜೊತೆ ಕಂಬ, ಶೂ, ಬೆಳಿಗ್ಗೆ ಮೊಟ್ಟೆ-ಬಾಳೆಹಣ್ಣು, ಟೂರ್ನಮೆಂಟಿಗೆ ಬಸ್ ಚಾರ್ಜ್. ಲೆಕ್ಕ ಹಾಕಿದರೆ ವರ್ಷಕ್ಕೆ ಒಂದೂಕಾಲು ಲಕ್ಷ. ಹಳೆ ಆಟಗಾರರನ್ನು ಕೇಳೋಣ ಅಂತ ಮೀಟಿಂಗಿನಲ್ಲಿ ತೀರ್ಮಾನ ಆಯಿತು.

ಮೀಟಿಂಗ್ ಅಂದರೆ ಗೊತ್ತಲ್ಲ. ಮೊದಲ ಮಾತೇ, “ವಿನಯ್ ಕುಮಾರ್ ಅವರನ್ನ ಕರೆಸಿಬಿಡಿ.” ನಮ್ಮ ಊರಿನವರು, 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ಕ್ಯಾಪ್ಟನ್, ಊರಿಗೇ ಹೆಮ್ಮೆ. ಆದರೆ ಅವರಿಗೂ ನಮ್ಮ ಖೋ ಖೋ ಕಂಬಕ್ಕೂ ಏನು ಸಂಬಂಧ? ದೊಡ್ಡ ಹೆಸರೊಂದು ಸಿಕ್ಕಿದರೆ ಉಳಿದವರಿಗೆ ಫೋನ್ ಮಾಡೋ ಕೆಲಸ ತಪ್ಪುತ್ತೆ ಅನ್ನೋದೇ ಒಳಗಿನ ಆಸೆ.

ಕೊನೆಗೆ ಕೆಲಸ ನನ್ನ ತಲೆಗೇ ಬಂತು. “ತಾವು ಉದಾರವಾಗಿ ದೇಣಿಗೆ ನೀಡಿ ಸಹಕರಿಸಬೇಕಾಗಿ ವಿನಂತಿ” ಅಂತ ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಸಿ, ಸೀಲ್ ಹೊಡೆದು, ಫೋಟೊ ತೆಗೆದು 63 ಜನಕ್ಕೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂದವು. ಐದು ಜನ ಕೈ ಮುಗಿಯೋ ಚಿತ್ರ ಕಳಿಸಿದರು. ದುಡ್ಡು ಬಂದಿದ್ದು ಒಬ್ಬರಿಂದ, 501 ರೂಪಾಯಿ. ಅದು ನಮ್ಮ ಅಣ್ಣ.

ಆ ಪತ್ರ ನನಗೇ ಬಂದಿದ್ದರೆ ನಾನೂ ಕೊಡುತ್ತಿರಲಿಲ್ಲ.

ಅದಕ್ಕೇ ಇವತ್ತು ಸ್ಟೋರ್ ಹುಡುಕಾಟ. ಕಾಲೇಜಿನ ಹಾಲ್‌ನಲ್ಲಿ ಕ್ರೀಡಾ ಸಾಧಕರ ಬೋರ್ಡ್ ಇತ್ತು. ಸುಣ್ಣ ಬಣ್ಣ ಮಾಡಿಸುವಾಗ ಇಳಿಸಿದವರು ಮತ್ತೆ ಏರಿಸಲಿಲ್ಲ. ಕಬ್ಬಿಣದ ಬೀರುವಿನ ತುಂಬ ಶೀಲ್ಡ್, ಕಪ್. ಅದರ ಮೇಲೆ ಕಾಲೇಜಿನ ಹೆಸರಿದೆ, ವರ್ಷ ಇದೆ, ಆಡಿದವರ ಹೆಸರಿಲ್ಲ. ಕೊನೆಗೆ ಕೆಳಗಿನ ಅರೆಯಲ್ಲಿ ಉದ್ದನೆಯ ರಿಜಿಸ್ಟರ್ ಸಿಕ್ಕಿತು. ಕೆಂಪು ಬಟ್ಟೆಯ ಬೆನ್ನು, ಒಳಗೆ ನುಸಿ ತಿಂದ ತೂತುಗಳು. ಕಿಟ್ ರಿಜಿಸ್ಟರ್. ಯಾರ್ಯಾರಿಗೆ ಶೂ, ಟೀ ಶರ್ಟ್, ಸಾಕ್ಸ್ ಕೊಟ್ಟರು ಅನ್ನೋ ಲೆಕ್ಕ. ಪ್ರತಿ ಸಾಲಲ್ಲೂ ಹೆಸರು, ಕ್ಲಾಸು, ಊರು, ಶೂ ನಂಬರ್, ಸಹಿ. ನಮ್ಮ ಆಗಿನ ಪಿಡಿ ಸರ್ ಒಂದು ಸಾಕ್ಸನ್ನೂ ಸಹಿ ಇಲ್ಲದೆ ಕೊಡುತ್ತಿರಲಿಲ್ಲ. ಆಗ ಬೈದುಕೊಂಡಿದ್ದೆವು. ಇವತ್ತು ಮನಸ್ಸಲ್ಲೇ ಕೈ ಮುಗಿದೆ.

ನನ್ನದೂ ಇತ್ತು. ಮೊದಲ ಬಿಕಾಂ, ಕ್ಯಾನ್ವಾಸ್ ಶೂ, 5 ನಂಬರ್. ಆ ಸಹಿ ಈಗ ಬ್ಯಾಂಕಿನವರು ಇರಲಿ, ನಾನೇ ಒಪ್ಪಲ್ಲ.

ನಮ್ಮ ಕಡೆಯ ಹಳೆ ಆಟಗಾರರನ್ನು ಹುಡುಕೋದು ಸುಲಭ ಇಲ್ಲ. 1996ರ ನನ್ನ ಸರ್ಟಿಫಿಕೇಟಲ್ಲಿ ಚಿತ್ರದುರ್ಗ ಜಿಲ್ಲೆ ಅಂತಿದೆ. 1997ರಲ್ಲಿ ದಾವಣಗೆರೆಯೇ ಜಿಲ್ಲೆ ಆಯಿತು, ಮುಂದಿನ ಸರ್ಟಿಫಿಕೇಟಲ್ಲಿ ಅದೇ ಇದೆ. ಮನೆ ಅದೇ, ಗ್ರೌಂಡ್ ಅದೇ. ಯೂನಿವರ್ಸಿಟಿ ಕಥೆ ಇನ್ನೂ ಚೆನ್ನಾಗಿದೆ. ನಮಗಿಂತ ಹತ್ತು ವರ್ಷ ಹಿಂದಿನವರದ್ದು ಮೈಸೂರು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, ನಾವು ಅದಕ್ಕೆ ಆಡಿದೆವು. 2009ರಿಂದ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ. ಒಂದೇ ಕಾಲೇಜಿನ ಮೂರು ತಲೆಮಾರಿನ ದಾಖಲೆ ಮೂರು ಊರಲ್ಲಿ.

ಇನ್ನು ಹುಡುಗರನ್ನಾದರೂ ಹುಡುಕಬಹುದು. ಊರಿಗೆ ಫೋನ್ ಮಾಡಿ ಇಂಥವರ ಮಗ ಅಂದರೆ ಸಾಕು. ಹುಡುಗಿಯರು ಮದುವೆಯಾಗಿ ಊರು ಬಿಟ್ಟಿರುತ್ತಾರೆ. ಇನಿಷಿಯಲ್ ಬದಲಾಗಿರುತ್ತೆ, ಕೆಲವರ ಹೆಸರೇ ಬದಲಾಗಿರುತ್ತೆ. ಫೇಸ್‌ಬುಕ್ಕಲ್ಲಿದ್ದರೂ ಫೋಟೊ ಜಾಗದಲ್ಲಿ ಮಗನ ಮುಖ ಇರುತ್ತೆ. ತವರಿಗೆ ಫೋನ್ ಮಾಡಿದರೆ, “ಯಾಕ್ರಿ, ಏನ್ ವಿಷ್ಯ?” ಅಂತ ಅನುಮಾನ. ಒಂದು ಕಡೆಯಂತೂ ಸಾಲ ವಸೂಲಿಯವಳು ಅಂದುಕೊಂಡು ಫೋನ್ ಇಟ್ಟೇಬಿಟ್ಟರು.

ನಮ್ಮ ಕ್ಯಾಪ್ಟನ್ ಅಕ್ಕನ ಊರು ಜಗಳೂರು ಹತ್ತಿರ ಅಂತ ರಿಜಿಸ್ಟರ್‌ನಲ್ಲಿತ್ತು. ಜಗಳೂರಿನ ಪರಿಚಯದವರೊಬ್ಬರಿಗೆ ಊರ ಹೆಸರು ಹೇಳಿದೆ. ಅಕ್ಕನ ತಮ್ಮನದು ಗೊಬ್ಬರದ ಅಂಗಡಿಯಂತೆ. ಹತ್ತೂವರೆಗೆ ನಂಬರ್ ಸಿಕ್ಕಿತು. ಅಕ್ಕ ಹುಬ್ಬಳ್ಳಿಯಲ್ಲಿ, ರೈಲ್ವೆಯಲ್ಲಿ. ಆಟದ ಮೇಲೇ ಸಿಕ್ಕ ಕೆಲಸ.

“ಯಾರ್ರಿ?”

ಹೆಸರು ಹೇಳಿದೆ. ಗೊತ್ತಾಗಲಿಲ್ಲ. ಬ್ಯಾಚ್ ಹೇಳಿದೆ. ಊಹೂಂ. “ಅಕ್ಕಾ, ಮೊಣಕಾಲು” ಅಂದೆ.

“ಲೇ, ನೀನೇನೇ!”

ಶಿವಮೊಗ್ಗದಲ್ಲಿ ಇಂಟರ್ ಕಾಲೇಜಿಯೇಟ್ ಮ್ಯಾಚು. ಎರಡನೇ ಇನ್ನಿಂಗ್ಸ್, ನಾವು ಚೇಸಿಂಗು. ಕಂಬದ ಬುಡದಲ್ಲಿ ದಿನಾ ಡೈವ್ ಹೊಡೆದು ಹೊಡೆದು ಮಣ್ಣು ತಟ್ಟೆಯಂತೆ ಹಳ್ಳ ಬಿದ್ದಿತ್ತು. ಎಡಗೈಲಿ ಕಂಬ ಹಿಡಿದು ಮೈ ಎಸೆದೆ. ಬೆರಳ ತುದಿಗೆ ಆ ಹುಡುಗಿಯ ಟೀ ಶರ್ಟ್ ತಾಕಿತು. ಔಟು. ನನ್ನ ಮೊಣಕಾಲು ಮಾತ್ರ ಆ ಹಳ್ಳದ ಅಂಚಿಗೆ ಬಡಿದು ಲಟಕ್ ಅಂತು. ಅಕ್ಕ ನನ್ನನ್ನು ಬೆನ್ನ ಮೇಲೆ ಹೊತ್ತು ಆಟೋವರೆಗೆ ಬಂದಳು. ಎಕ್ಸ್‌ರೇ ದುಡ್ಡು ತನಗೆ ಸಿಕ್ಕ ದಿನಭತ್ಯೆಯಿಂದ ಕೊಟ್ಟಳು. ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿದ್ದೆ. ಟೀಮಿನವರೆಲ್ಲ ಬಂದರು, ಕಾಲೇಜಿನ ಕಡೆಯಿಂದ ಒಬ್ಬರೂ ಬರಲಿಲ್ಲ.

ಮಾತು ಮುಕ್ಕಾಲು ಗಂಟೆ ಆಯಿತು. ನಾನು ದುಡ್ಡಿನ ಸುದ್ದಿ ಎತ್ತಲೇ ಇಲ್ಲ. ಅವಳೇ ಕೇಳಿದಳು, “ಏನು, ಪಟ್ಟಿ ಎತ್ತಾಕೆ ಬಂದೀಯೇನು?”

“ಹೌದಕ್ಕ.”

“ಕಾಲೇಜಿಗಾದ್ರೆ ಒಂದ್ ರೂಪಾಯಿ ಕೊಡಲ್ಲ ನೋಡು. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನೋರು ಬಂದಾಗ ನನ್ನ ಕರೆಸಿದ್ರು. ರಜಾ ಹಾಕಿ ಬಂದೆ. ಶಾಲು ಹೊದಿಸಿದ್ರು, ಫೋಟೊ ತೆಗೆದ್ರು, ಆಮೇಲೆ ನಾನು ಅಲ್ಲಿದ್ದೆ ಅನ್ನೋದೇ ಮರೆತ್ರು. ಗ್ರೌಂಡಾದ್ರೂ ನೋಡಿ ಹೋಗೋಣ ಅಂತ ಹೋದ್ರೆ, ನಾವು ಆಡೋ ಜಾಗದಾಗೆ ಕಾರು ನಿಲ್ಸಿದ್ರು.”

ನಾನು ಸುಮ್ನೆ ಕೇಳಿಸಿಕೊಂಡೆ. ಸಮರ್ಥನೆ ಮಾಡೋಕೆ ಏನೂ ಇರಲಿಲ್ಲ. ಹಳೆ ವಿದ್ಯಾರ್ಥಿಗಳು ಅನ್ನೋದು ಅಂಕ ತರುವ ಒಂದು ಕಾಲಂ ಆದಾಗ ಹೀಗೇ ಆಗೋದು. ಸ್ವಲ್ಪ ಹೊತ್ತು ಬಿಟ್ಟು, “ಟೀಮಿಗಾದ್ರೆ?” ಅಂದೆ.

ದನಿಯೇ ಬದಲಾಯಿತು. “ಟೀಮ್ ಐತಾ ಇನ್ನೂ? ಎಷ್ಟ್ ಜನ ಅದಾರೆ? ಬೆಳಿಗ್ಗೆ ಏನ್ ತಿಂತಾರೆ?”

ಇಷ್ಟು ದಿನ ನಾನು ಕಾಲೇಜಿನ ಹೆಸರಲ್ಲಿ ಕೇಳುತ್ತಿದ್ದೆ. ಕಾಲೇಜು ಅಂದರೆ ಇವರಿಗೆ ಫೀಸು, ಅಟೆಂಡೆನ್ಸ್ ಶಾರ್ಟೇಜು, ಆಫೀಸಿನ ಕಿಟಕಿ. ಕರುಳು ಇರೋದು ಟೀಮಿನ ಜೊತೆ. ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವರ್ಲ್ಡ್ ಕಪ್ ಆಯಿತಲ್ಲ, ನಮ್ಮ ಗಂಡಸರ ಟೀಮು, ಹೆಂಗಸರ ಟೀಮು ಎರಡೂ ಗೆದ್ದವು. ಅಕ್ಕ ಡ್ಯೂಟಿ ಬದಲಾಯಿಸಿಕೊಂಡು ಟಿವಿಯಲ್ಲಿ ನೋಡಿದಳಂತೆ. “ಮ್ಯಾಟ್ ಮ್ಯಾಲೆ ಆಡ್ತಾರಲ್ಲೇ! ನಾವು ಕಲ್ಲು ಆರಿಸಿ ಆಡ್ತಿದ್ವಿ” ಅಂತ ನಕ್ಕಳು.

ಆಮೇಲೆ ಎರಡು ಮಾತು ಹೇಳಿದಳು. ಒಂದು, ದುಡ್ಡು ಕಾಲೇಜಿನ ಖಾತೆಗೆ ಹೋಗಬಾರದು, ಸಂಘದ ಖಾತೆಗೇ ಬರಬೇಕು, ಮೊಟ್ಟೆ ಬಿಲ್ಲೂ ಸೇರಿ ತಿಂಗಳು ತಿಂಗಳು ಗ್ರೂಪಿಗೆ ಹಾಕಬೇಕು. ಇನ್ನೊಂದು, “ನಮ್ ಟೀಮಿನೋರಿಗೆ ನೀನ್ ಫೋನ್ ಮಾಡಬ್ಯಾಡ. ನಾನ್ ಮಾಡ್ತೀನಿ. ನೀನ್ ಮಾಡಿದ್ರೆ ಸೆಕ್ರೆಟರಿ ಮಾಡಿದಂಗಿರುತ್ತೆ.”

ಸರಿಯಾಗಿ ಹೇಳಿದಳು. ಅಮೆರಿಕದಲ್ಲಿರುವ ನಮ್ಮ ಕಬಡ್ಡಿ ಸೀನಿಯರ್ ಕೂಡ ಹೋದ ವಾರ ಇದನ್ನೇ ಬೇರೆ ಥರ ಹೇಳಿದ್ದರು. ಅಲ್ಲಿನ ಎಷ್ಟೋ ಕಾಲೇಜುಗಳು ವರ್ಷದಲ್ಲಿ ಒಂದು ದಿನ ‘ಗಿವಿಂಗ್ ಡೇ’ ಅಂತ ಮಾಡುತ್ತವೆ. ಆಟದ ಟೀಮುಗಳ ನಡುವೆ ಪೈಪೋಟಿ ಇಡುತ್ತಾರೆ. ಎಷ್ಟು ದುಡ್ಡು ಬಂತು ಅನ್ನೋದಕ್ಕಿಂತ ಎಷ್ಟು ಜನ ಕೊಟ್ಟರು ಅಂತ ಎಣಿಸುತ್ತಾರೆ. ಹತ್ತು ಡಾಲರ್ ಕೊಟ್ಟವನೂ ಒಂದು ತಲೆ, ಹತ್ತು ಸಾವಿರ ಕೊಟ್ಟವನೂ ಒಂದು ತಲೆ. ನಮ್ಮ ಓಣಿಯ ಗಣಪತಿ ಪಟ್ಟಿಯೂ ಹಂಗೇ ಅಲ್ವಾ, ಮನೆ ಬಿಟ್ಟುಹೋಗಬಾರದು ಅಷ್ಟೇ. ಕಬಡ್ಡಿಯವರಿಗೂ ಖೋ ಖೋದವರಿಗೂ ಮೊದಲಿನಿಂದ ಆಗಿಬರಲ್ಲ. ನೂರು ರೂಪಾಯಿಗೆ ಒಂದು ತಲೆ ಅಂತ ಇಟ್ಟು ಇಬ್ಬರನ್ನೂ ಬಿಟ್ಟುಬಿಡೋಣ ಅಂತಿದೀನಿ.

ಆ ಸೀನಿಯರ್ ದೊಡ್ಡ ಮೊತ್ತ ಕೊಡೋಕೆ ರೆಡಿ ಇದ್ದರು. ನಾನು ಕುಣಿದಾಡಿದೆ. ನಮ್ಮ ಆಡಿಟರ್ ತಣ್ಣೀರು ಎರಚಿದರು. ಅವರು ಅಮೆರಿಕದ ಪೌರರಾಗಿದ್ದಾರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅವರ ದುಡ್ಡು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಕೆಳಗೆ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಸಂಘ ಒಂದು ಪೈಸೆ ಮುಟ್ಟುವ ಹಾಗಿಲ್ಲ. ಅದೇ ದುಬೈಯಲ್ಲಿರುವ ಇನ್ನೊಬ್ಬರು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ, ಅವರು ತಮ್ಮ ಉಳಿತಾಯದಿಂದ ಕೊಟ್ಟರೆ ಅಡ್ಡಿಯಿಲ್ಲ. 80ಜಿ ವಿಷಯವೂ ಅಷ್ಟೇ. ನಮ್ಮ ಸಂಘಕ್ಕೆ ಇದೆ, ಕೊಟ್ಟದ್ದರಲ್ಲಿ ಅರ್ಧಕ್ಕೆ ತೆರಿಗೆ ವಿನಾಯಿತಿ. ಆದರೆ ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಸಿಗಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಸಿಗಲ್ಲ. ಈಗ ಬಹಳ ಜನ ಹೊಸದರಲ್ಲೇ ಇದ್ದಾರೆ. ನಾನು ಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದ ಸಾಲು ಅದೊಂದೇ!

ಮಧ್ಯಾಹ್ನ ಜಯದೇವ ಸರ್ಕಲ್‌ನಲ್ಲಿ ಆಟೋ ಹತ್ತಿದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ ನೋಡಿ, “ನೀವು ಖೋ ಖೋ ಆಡ್ತಿದ್ರಿ ಅಲ್ಲೇನ್ರಿ?” ಅಂದರು. ನಮ್ಮದೇ ಬ್ಯಾಚಿನ ಕಬಡ್ಡಿ ರೈಡರ್. ಆಗ ಸಣಕಲು, ಈಗ ಗುರುತೇ ಸಿಗಲಿಲ್ಲ. ಖುಷಿಯಲ್ಲಿ ಸಂಘದ ವಿಷಯ ಹೇಳಿದೆ. ಅವರು ಆಟೋ ಪಕ್ಕಕ್ಕೆ ನಿಲ್ಲಿಸಿದರು.

“ನೂರಲ್ಲ, ಐನೂರು ಕೊಡ್ತೀನ್ರಿ. ಆದ್ರ ನನ್ ಸರ್ಟಿಫಿಕೇಟ್ ಕೊಡಸ್ರಿ.”

ಯೂನಿವರ್ಸಿಟಿ ಟೀಮಿಗೆ ಆಡಿದವರು ಅವರು. ಆ ಸರ್ಟಿಫಿಕೇಟ್ ಕಾಲೇಜಿಗೆ ಬಂದಿದೆ ಅಂದರಂತೆ, ಆಮೇಲೆ ಸಿಗುತ್ತಿಲ್ಲ ಅಂದರಂತೆ. ಆರು ತಿಂಗಳು ಓಡಾಡಿದರು. ಪೊಲೀಸ್ ನೇಮಕಾತಿಗೆ ಅರ್ಜಿ ಹಾಕುವ ಕೊನೆಯ ದಿನ ಮುಗಿದೇ ಹೋಯಿತು. ಇದನ್ನೆಲ್ಲ ಸಿಟ್ಟಿಲ್ಲದೆ, ಮೀಟರಿನ ಮೇಲಿನ ಧೂಳು ಒರೆಸುತ್ತಾ ಹೇಳಿದರು. “ಈಗ ಕೆಲ್ಸಕ್ಕಲ್ರಿ, ವಯಸ್ಸೆಲ್ಲೈತಿ. ಮಗಳು ನಂಬಲ್ಲ, ಅದಕ್ಕ.”

ಇಳಿಯೋಕೆ ಮನಸ್ಸಾಗಲಿಲ್ಲ. ಅದೇ ಆಟೋದಲ್ಲಿ ವಾಪಸ್ ಕಾಲೇಜಿಗೆ ಹೋದೆವು. ವಾಚ್‌ಮನ್ ಅಣ್ಣ ಊಟಕ್ಕೆ ಕೂತಿದ್ದರು, ಕೈ ತೊಳೆದು ಬಂದು ಬೀಗ ತೆಗೆದರು. ಬೀರು, ಟ್ರಂಕು, ಫೈಲು ಎಲ್ಲ ಕೆಳಗೆ ಸುರಿದೆವು. ಒಂದು ಬ್ರೌನ್ ಕವರಲ್ಲಿ ಯಾರೂ ತೆಗೆದುಕೊಂಡು ಹೋಗದ ಸರ್ಟಿಫಿಕೇಟ್ ಸಿಕ್ಕವು, ಒಂಬತ್ತು. ಒಬ್ಬೊಬ್ಬರ ಹೆಸರೂ ಅವರು ಜೋರಾಗಿ ಓದಿದರು. ಏಳನೆಯದಕ್ಕೆ, “ಇವ್ನು ತೀರ್ಕೊಂಡ” ಅಂದರು. ಅವರದು ಇರಲಿಲ್ಲ.

ಮಂಗಳವಾರ ಪ್ರಿನ್ಸಿಪಾಲರಿಂದ ಪತ್ರ ಮಾಡಿಸಿಕೊಂಡು ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಹೋಗಬೇಕು. ಯೂನಿವರ್ಸಿಟಿಯ ಕ್ರೀಡಾ ವಿಭಾಗದಲ್ಲಿ ಆ ವರ್ಷದ ಟೀಮ್ ಲಿಸ್ಟ್ ಇದ್ದರೆ ನಕಲು ಕೇಳಬಹುದು. ಅವರೂ ಬರ್ತೀನಿ ಅಂದಿದ್ದಾರೆ, ಆಟೋದಲ್ಲಲ್ಲ, ಬಸ್ಸಲ್ಲಿ. ಸಿಕ್ಕಿದ ಒಂಬತ್ತರಲ್ಲಿ ಎಂಟನ್ನು ಆಯಾ ಮನೆಗೇ ಮುಟ್ಟಿಸಬೇಕು. ತೀರಿಕೊಂಡವನದನ್ನು ಅವನ ಮನೆಯವರಿಗೆ ನಾನೇ ಕೊಟ್ಟು ಬರ್ತೀನಿ ಅಂತ ಆಟೋ ಅಣ್ಣ ಮಡಚದೆ, ಸೀಟಿನ ಕೆಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡರು. ದೇಣಿಗೆ ಪತ್ರ ಹೊಸದಾಗಿ ಬರೆಯೋದು ಇದಾದ ಮೇಲೆ.

ಸಂಜೆ ಖಾರ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದೆ. ಮೊಣಕಾಲು ಮೆಟ್ಟಿಲಿಗೆ ನೋಯುತ್ತಿತ್ತು, ದಿನವಿಡೀ ಸ್ಟೋರಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಕ್ಕೆ.

ಎಂಟು ಗಂಟೆಗೆ ಅಕ್ಕ ಹೊಸ ಗ್ರೂಪ್ ಮಾಡಿದ್ದಾಳೆ. ಆಗಲೇ ಏಳು ಜನ. ಜನವರಿ 11, ಭಾನುವಾರ, ಹಳಬರಿಗೂ ಈಗಿನ ಹುಡುಗಿಯರಿಗೂ ಮ್ಯಾಚ್ ಅಂತೆ. ನನ್ನನ್ನು ಯಾರೂ ಕೇಳಿಲ್ಲ. ದುಡ್ಡಿನ ಬಗ್ಗೆ ಒಂದು ಮಾತೂ ಇಲ್ಲ. ಕೆಳಗೆ ಅವಳದೊಂದು ಮೆಸೇಜು: “ಎಲ್ರೂ ನಿಮ್ ನಿಮ್ ಶೂ ನಂಬರ್ ಹಾಕ್ರಿ.”

ಆರೂವರೆ ಅಂತ ಹಾಕಿದೆ.