ಸ್ಪಿತಿಗೆ ಹೋಗ್ತೀರಾ? ಶಿಮ್ಲಾ ಕಡೆಯಿಂದ ಹತ್ತಿ

ಲಾಹೌಲ್ ಮತ್ತು ಸ್ಪಿತಿ ಹಿಮಾಚಲದ ನಕ್ಷೆಯಲ್ಲಿ ಒಂದೇ ಜಿಲ್ಲೆ. ಹೋಗಿ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ನಡುವೆ 4,500 ಮೀಟರ್‌ಗೂ ಎತ್ತರದ ಕುಂಜುಮ್ ಪಾಸ್. ಅದರ ಆಚೆ ಚಂದ್ರಾ ನದಿ ತಾಂಡಿಯಲ್ಲಿ ಭಾಗಾ ಜೊತೆ ಸೇರಿ ಚಿನಾಬ್ ಆಗುತ್ತದೆ. ಈಚೆ ಸ್ಪಿತಿ ನದಿ ಖಾಬ್‌ನಲ್ಲಿ ಸಟ್ಲೆಜ್‌ಗೆ ಸೇರುತ್ತದೆ. ಚಳಿಗಾಲದಲ್ಲಿ ಪಾಸ್ ಮುಚ್ಚಿತೆಂದರೆ ಸ್ಪಿತಿಯ ಮುಖ್ಯ ಊರು ಕಾಜಾದವರು ತಮ್ಮದೇ ಜಿಲ್ಲಾ ಕೇಂದ್ರ ಕೇಲಾಂಗ್ ತಲುಪಲು ಪಕ್ಕದ ಕಿನ್ನೌರ್ ಜಿಲ್ಲೆಗೆ ಇಳಿದು ಅರ್ಧ ರಾಜ್ಯ ಸುತ್ತಬೇಕು.

ಮೊದಲ ಸಲ ನಾವು ಮನಾಲಿಯಿಂದ ಒಂದೇ ದಿನಕ್ಕೆ ಕಾಜಾಕ್ಕೆ ಹೋದೆವು. ಆ ರಾತ್ರಿ ತಲೆ ಸಿಡಿಯುವಷ್ಟು ನೋವು, ಊಟ ಕಂಡರೆ ವಾಕರಿಕೆ, ಮರುದಿನವಿಡೀ ಹಾಸಿಗೆ. ಎರಡನೇ ಸಲ ಬುದ್ಧಿ ಬಂತು: ಶಿಮ್ಲಾ, ಸರಾಹನ್, ಕಲ್ಪಾ, ನಾಕೋ, ತಾಬೋ ಅಂತ ದಿನಕ್ಕೊಂದು ಊರು. ಮೈ ತಾನಾಗಿ ಎತ್ತರಕ್ಕೆ ಹೊಂದಿಕೊಂಡಿತು. ರಜೆ ಕಡಿಮೆ ಇದ್ದರೆ ಬೇರೆಲ್ಲಾದರೂ ಕತ್ತರಿ ಹಾಕಿ, ಇಲ್ಲಿ ಬೇಡ.

ತಾಬೋದಲ್ಲಿ ಒಂದು ರಾತ್ರಿ ತಂಗಲೇಬೇಕು. 996ರಲ್ಲಿ ಕಟ್ಟಿದ ಬೌದ್ಧ ಮಠ. ಹೊರಗಿನಿಂದ ನೋಡಿದರೆ ಮಣ್ಣು ಮೆತ್ತಿದ ದೊಡ್ಡ ಕಣಜದ ಹಾಗಿದೆ, ನಾನಂತೂ ಇಷ್ಟೇನಾ ಅಂದುಕೊಂಡೆ. ಒಳಗೆ ಕಾಲಿಟ್ಟರೆ ಕತ್ತಲು. ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಗೋಡೆಯುದ್ದಕ್ಕೂ ಆಳೆತ್ತರದಿಂದ ಮಣ್ಣಿನ ಮೂರ್ತಿಗಳು ಒಂದೊಂದಾಗಿ ಮುಂದೆ ಬಾಗಿದಂತೆ ಕಾಣಿಸಿಕೊಳ್ಳುತ್ತವೆ. ಫೋಟೊ ತೆಗೆಯುವಂತಿಲ್ಲ, ಒಳ್ಳೆಯದೇ ಆಯಿತು.

ಕಾಜಾದ ಮೇಲಿನ ಲಾಂಗ್‌ಝಾದಲ್ಲಿ ಮಕ್ಕಳು ಸುರುಳಿ ಮೂಡಿದ ಕಪ್ಪು ಕಲ್ಲು ಮಾರಲು ಬರುತ್ತಾರೆ. ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳ ಪಳೆಯುಳಿಕೆ ಅವು. ಕೈಯಲ್ಲಿ ಹಿಡಿದು ನೋಡಿ, ಕೊಳ್ಳಬೇಡಿ.

ಆಗುಂಬೆ ಮಳೆ ಕಂಡವರಿಗೆ ನಂಬೋದು ಕಷ್ಟ, ಮುಂಗಾರು ಇಲ್ಲಿಗೆ ಬರುವುದೇ ಅಪರೂಪ. ಆದರೆ ದಾರಿಯಲ್ಲಿರುವ ಕಿನ್ನೌರ್‌ನಲ್ಲಿ ಮಳೆಗೆ ಗುಡ್ಡ ಕುಸಿಯುತ್ತದೆ. ಹಾಗಾಗಿ ಸೆಪ್ಟೆಂಬರ್ ವಾಸಿ. ಕಾಜಾದಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ, ನಗದು ಇಟ್ಟುಕೊಳ್ಳಿ, ಸಿಗ್ನಲ್ ನಂಬಬೇಡಿ.

ವಾಪಸ್ ಬರುವಾಗ ಮನಾಲಿ ದಾರಿ ಹಿಡಿಯಬಹುದು. ಕುಂಜುಮ್ ದಾಟಿದ ಮೇಲೆ ಬಾತಲ್‌ನಿಂದ ಗ್ರಾಂಫೂವರೆಗೆ ರಸ್ತೆ ಅನ್ನುವುದಕ್ಕಿಂತ ಬಂಡೆಗಳ ನಡುವೆ ದಾರಿ ಹುಡುಕಾಟ. ಬೆಳಗಿನ ಜಾವವೇ ಹೊರಡಿ. ಬಿಸಿಲೇರಿದಂತೆ ಹಿಮ ಕರಗಿ ಹಳ್ಳಗಳು ಉಕ್ಕುತ್ತವೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಬೈಕಿನ ಸೈಲೆನ್ಸರ್ ಮುಟ್ಟಿದ್ದನ್ನು ನಾವು ದಡದಲ್ಲಿ ನಿಂತು ನೋಡಿದ್ದೇವೆ.