ಫ್ರಿಹಿಲಿಯಾನಾ: ಗೋಡೆ ಮೇಲೆ ಬರೆದಿಟ್ಟ ಸೋಲು

ಸ್ಪೇನಿನ ಕರಾವಳಿ ಪಟ್ಟಣ ನೆರ್ಹಾದಿಂದ ಫ್ರಿಹಿಲಿಯಾನಾ ಎಂಬ ಊರಿಗೆ ಆರೇಳು ಕಿಲೋಮೀಟರ್ ಅಷ್ಟೆ. ಆದರೆ ಪೂರಾ ಏರುದಾರಿ. ಬಸ್ಸು ಸುತ್ತಿ ಸುತ್ತಿ ಹತ್ತುತ್ತಿದ್ದರೆ ಅಕ್ಕಪಕ್ಕ ಬೆಣ್ಣೆಹಣ್ಣಿನ ತೋಟ, ಮಾವಿನ ತೋಟ. ಹೌದು, ಮಾವೇ! ಸ್ಪೇನಿನಲ್ಲಿ ಮಾವಿನ ತೋಪು ನೋಡುತ್ತೇನೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ದಕ್ಷಿಣದ ಈ ಕರಾವಳಿಗೆ ಬೆಟ್ಟಗಳು ಅಡ್ಡ ನಿಂತು ಚಳಿಗಾಳಿ ತಡೆಯುತ್ತವೆ. ಹಾಗಾಗಿ ನಮ್ಮ ಕಡೆಯ ಹಣ್ಣುಗಳೂ ಇಲ್ಲಿ ಬರುತ್ತವೆ. ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಾವು ಹೋಗಿದ್ದು ಸೆಪ್ಟೆಂಬರ್ ಕೊನೆಗೆ. ಮರದ ತುಂಬ ಕಾಯಿ ಜೋತುಬಿದ್ದಿದ್ದವು.

ನನ್ನನ್ನು ಹೊರಡಿಸಿದವಳು ಅಣ್ಣನ ಮಗಳು. ಮಾಲಗಾದಲ್ಲಿ ಓದುತ್ತಿದ್ದಾಳೆ, ಸ್ಪ್ಯಾನಿಷ್ ಚೆನ್ನಾಗಿ ಬರುತ್ತದೆ. "ಅತ್ತೆ, ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ" ಅಂತ ಬೆಳಿಗ್ಗೆಯೇ ತಾಕೀತು ಮಾಡಿದ್ದಳು. ಊರಿನ ಹಳೇ ಭಾಗಕ್ಕೆ ಕಾಲಿಟ್ಟಾಗ ಯಾಕೆ ಅಂತ ತಿಳಿಯಿತು. ಅಲ್ಲಿ ಬೀದಿ ಅಂದರೆ ಮೆಟ್ಟಿಲು, ಮೆಟ್ಟಿಲು ಅಂದರೆ ಬೀದಿ. ಕಾರು ಬರುವ ಮಾತೇ ಇಲ್ಲ. ನೆಲಕ್ಕೆಲ್ಲ ಸಣ್ಣ ಸಣ್ಣ ನುಣುಪು ಕಲ್ಲುಗಳನ್ನು ಒತ್ತೊತ್ತಾಗಿ ಹುಗಿದು, ಕಪ್ಪು ಬಿಳಿ ಬಣ್ಣದಲ್ಲಿ ಬಳ್ಳಿ, ಚೌಕ, ಹೂವಿನ ಚಿತ್ತಾರ ಮಾಡಿದ್ದಾರೆ. ಮೆಟ್ಟಿಲುಗಳು ಗಿಡ್ಡ, ಆದರೆ ಅಗಲ. ಹೇರು ಹೊತ್ತ ಕತ್ತೆ ಸಲೀಸಾಗಿ ಹತ್ತಬೇಕಲ್ವಾ? ಕತ್ತೆಗೆ ಸಲೀಸು ಇರಬಹುದು, ಮಂಡಿನೋವಿನವರಿಗೆ ಅಲ್ಲ. ಇಪ್ಪತ್ತು ಮೆಟ್ಟಿಲಿಗೊಮ್ಮೆ ಫೋಟೊ ತೆಗೆಯುವ ನೆಪದಲ್ಲಿ ನಿಲ್ಲುತ್ತಿದ್ದೆ.

ಊರಿನ ಬಿಳುಪಿನ ಬಗ್ಗೆ ಹೇಳುವುದು ಜಾಸ್ತಿ ಏನೂ ಇಲ್ಲ. ಸುಣ್ಣ ಬಳಿದ ಗೋಡೆ, ನೀಲಿ ಬಾಗಿಲು, ಕಿಟಕಿಯಲ್ಲಿ ಹೂವಿನ ಕುಂಡ. ಅದನ್ನೆಲ್ಲ ಕ್ಯಾಲೆಂಡರಿನಲ್ಲಿ ನೋಡಿಯೇ ಇರುತ್ತೀರಿ. ನನಗೆ ಹಿಡಿಸಿದ್ದು ಬೀದಿಗಳ ಲೆಕ್ಕಾಚಾರ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದಾದ ಓಣಿ. ಹತ್ತು ಹೆಜ್ಜೆ ಹೋದರೆ ತಿರುವು. ಕೆಲವು ಕಡೆ ಮೇಲಿನ ಮಾಳಿಗೆ ಓಣಿಯ ಮೇಲೆಯೇ ಹಾದು ಎದುರು ಮನೆಗೆ ಸೇರಿಕೊಂಡಿದೆ, ನಾವು ಅದರ ಕೆಳಗೆ ಬಗ್ಗಿಕೊಂಡು ಹೋಗಬೇಕು. ಮಧ್ಯಾಹ್ನ ಒಂದು ಗಂಟೆಗೆ ದೊಡ್ಡ ರಸ್ತೆಯಲ್ಲಿ ತಲೆ ಸುಡುತ್ತಿದ್ದರೆ ಓಣಿಯೊಳಗೆ ನೆರಳು, ತಂಪು. ಉತ್ತರ ಆಫ್ರಿಕದಿಂದ ಬಂದವರು ಬಿಸಿಲನ್ನು ಅರಿತು ಕಟ್ಟಿದ ಊರು ಇದು. 711ರಿಂದ 1492ರವರೆಗೆ, ಹತ್ತಿರ ಹತ್ತಿರ ಎಂಟುನೂರು ವರ್ಷ, ಸ್ಪೇನಿನ ಒಂದಲ್ಲ ಒಂದು ಭಾಗ ಮುಸ್ಲಿಂ ಅರಸರ ಕೈಯಲ್ಲಿತ್ತು. ಕೊನೆಗೆ ಉಳಿದದ್ದು ಗ್ರನಾಡಾ ರಾಜ್ಯ. ಫ್ರಿಹಿಲಿಯಾನಾ ಆ ರಾಜ್ಯದ ಒಂದು ಹಳ್ಳಿ.

ಓಣಿಗಳ ಗೋಡೆ ಮೇಲೆ ಅಲ್ಲಲ್ಲಿ ಚಿತ್ರ ಬರೆದ ಟೈಲ್ಸ್ ಫಲಕಗಳಿವೆ. ಒಟ್ಟು 12. ಈ ಊರಿನಲ್ಲಿ ನಡೆದ ಒಂದು ದಂಗೆಯ ಕಥೆಯನ್ನು ಕಂತು ಕಂತಾಗಿ ಹೇಳುತ್ತವೆ. ಟೂರಿಸ್ಟುಗಳು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ನಮ್ಮ ಹುಡುಗಿ ಓದಿ ಓದಿ ನನಗೆ ಕನ್ನಡದಲ್ಲಿ ಹೇಳುತ್ತಾ ಬಂದಳು. ನನ್ನ ಮಟ್ಟಿಗೆ ಆ ದಿನ ಅಂದರೆ ಅದೇ.

ಕಥೆ ಹೀಗೆ. 1487ರಲ್ಲಿ ಈ ಕಡೆಯ ಊರುಗಳು ಕ್ರಿಶ್ಚಿಯನ್ ಅರಸರ ಕೈ ಸೇರಿದವು, 1492ರ ಜನವರಿಯಲ್ಲಿ ಗ್ರನಾಡಾ ನಗರವೂ ಶರಣಾಯಿತು. ಶರಣಾಗುವಾಗ ಕರಾರು ಆಗಿತ್ತು: ನಿಮ್ಮ ಧರ್ಮ, ನಿಮ್ಮ ಕಾನೂನು, ನಿಮ್ಮ ಮಸೀದಿ ನಿಮಗೆ. ಹತ್ತು ವರ್ಷ ಕೂಡ ಆ ಮಾತು ನಿಲ್ಲಲಿಲ್ಲ. ದೀಕ್ಷಾಸ್ನಾನ ಮಾಡಿಸಿಕೊಳ್ಳಿ, ಇಲ್ಲವೇ ದೇಶ ಬಿಡಿ ಎಂದಾಯಿತು. ಹಾಗೆ ಮತ ಬದಲಿಸಿ ಉಳಿದುಕೊಂಡವರನ್ನು ಮೊರಿಸ್ಕೊಗಳು ಎಂದರು. ಆಮೇಲೆ 1567ರಲ್ಲಿ ಎರಡನೇ ಫಿಲಿಪ್ ದೊರೆಯ ಆಜ್ಞೆ ಬಂತು. ಅರಬ್ಬಿ ಮಾತಾಡಬಾರದು, ಅರಬ್ಬಿ ಹೆಸರು ಇಟ್ಟುಕೊಳ್ಳಬಾರದು, ಹೆಂಗಸರು ಮುಸುಕು ಹಾಕಬಾರದು, ಸ್ನಾನದ ಮನೆಗಳು ಇರಬಾರದು. ಶುಕ್ರವಾರ, ಹಬ್ಬದ ದಿನ ಮನೆ ಬಾಗಿಲು ತೆರೆದೇ ಇಡಬೇಕು, ಒಳಗೆ ನಮಾಜು ಮಾಡುತ್ತಿದ್ದಾರಾ ಅಂತ ನೋಡಬೇಕಲ್ಲ!

ಇದನ್ನು ಕೇಳಿದ ಮೇಲೆ ಆ ನೀಲಿ ಬಾಗಿಲುಗಳ ಫೋಟೊ ತೆಗೆಯುವ ಉಮೇದು ನನಗೆ ಕಮ್ಮಿಯಾಯಿತು.

1568ರ ಕೊನೆಗೆ ಗ್ರನಾಡಾ ಕಡೆಯ ಅಲ್ಪುಹಾರಾ ಬೆಟ್ಟಗಳಲ್ಲಿ ದಂಗೆ ಎದ್ದಿತು. ಮರುವರ್ಷ ಬೇಸಿಗೆಗೆ ಇಲ್ಲಿಗೂ ಹಬ್ಬಿತು. ಸುತ್ತಲಿನ ಹಳ್ಳಿಗಳ ಮೊರಿಸ್ಕೊಗಳು ಹೆಂಡತಿ, ಮಕ್ಕಳು, ದವಸಧಾನ್ಯ ಎಲ್ಲ ಕಟ್ಟಿಕೊಂಡು ಊರಿನ ಹಿಂದಿನ ಬೆಟ್ಟ ಹತ್ತಿ ಕುಳಿತರು. ಮೊದಲು ಹತ್ತಿರದ ವೇಲೆಸ್ ಪಟ್ಟಣದಿಂದ ಬಂದ ಪಡೆಯನ್ನು ಹಿಮ್ಮೆಟ್ಟಿಸಿದರು. ಆದರೆ 1569ರ ಜೂನ್‌ನಲ್ಲಿ ದೊರೆಯ ಸೇನಾನಿ ಲೂಯಿಸ್ ದೆ ರೆಕೆಸೆನ್ಸ್ ಹಡಗುಗಳಲ್ಲಿ ಪಳಗಿದ ಸೈನಿಕರನ್ನು ತಂದು ಇಳಿಸಿದ. ಮೇಲಿದ್ದವರ ಹತ್ತಿರ ಇದ್ದದ್ದು ಮುಖ್ಯವಾಗಿ ಕಲ್ಲು. ಬಂಡೆಗಳನ್ನು ಉರುಳಿಸಿದರು, ಹೆಂಗಸರೂ ಸೇರಿ ಹೊಡೆದಾಡಿದರು. ಸಂಜೆ ಹೊತ್ತಿಗೆ ಎಲ್ಲ ಮುಗಿಯಿತು. ಸಿಕ್ಕಿಬೀಳುವುದಕ್ಕಿಂತ ಸಾವೇ ಮೇಲು ಎಂದು ಕೆಲವರು ಪ್ರಪಾತಕ್ಕೆ ಹಾರಿದರು ಅಂತ ಊರಿನವರು ಈಗಲೂ ಹೇಳುತ್ತಾರೆ. ಉಳಿದವರಲ್ಲಿ ಬಹಳ ಜನ ಗುಲಾಮರಾದರು. ಖಾಲಿಯಾದ ಮನೆಗಳಿಗೆ ಬೇರೆ ಕಡೆಯಿಂದ ಕ್ರಿಶ್ಚಿಯನ್ ಕುಟುಂಬಗಳನ್ನು ಕರೆಸಿ ಕೂರಿಸಿದರು. 1609ರಿಂದ 1614ರೊಳಗೆ ಇಡೀ ಸ್ಪೇನಿನಿಂದಲೇ ಮೊರಿಸ್ಕೊಗಳನ್ನು ಹೊರಗಟ್ಟಿದರು, ಸುಮಾರು ಮೂರು ಲಕ್ಷ ಜನರನ್ನು.

ಆ ಬೆಟ್ಟ ಊರಿನ ಯಾವ ಮೂಲೆಯಲ್ಲಿ ನಿಂತರೂ ತಲೆ ಮೇಲೆಯೇ ಇರುತ್ತದೆ. ಈಗ ಅಲ್ಲಿಗೆ ಚಾರಣದ ದಾರಿ ಇದೆ. ನಾವು ಹತ್ತಲಿಲ್ಲ.

ಫಲಕಗಳನ್ನು ಓದುತ್ತಾ ನನಗೆ ಒಂದು ವಿಷಯ ಅಚ್ಚರಿ ಅನಿಸಿತು. ಇದನ್ನು ಗೋಡೆಗೆ ಹಾಕಿದವರು ಗೆದ್ದವರ ಕಡೆಯವರು. ಆ ಮನೆಗಳಿಗೆ ಆಮೇಲೆ ಬಂದು ಸೇರಿದವರ ಊರು ಇದು. ಅವರು ತಮ್ಮ ಬೀದಿಗೆ ದಂಗೆ ಎದ್ದವರ ನಾಯಕ ಹೆರ್ನಾಂಡೊ ಎಲ್ ದಾರ್‍ರಾನ ಹೆಸರಿಟ್ಟಿದ್ದಾರೆ. ಎಷ್ಟು ಊರಿನಲ್ಲಿ ಹೀಗೆ ಮಾಡುತ್ತಾರೆ?

"ಅತ್ತೆ, ನೀವು ಸುಮ್ನೆ ಭಾವುಕ ಆಗ್ತೀರ. ಟೂರಿಸ್ಟುಗಳಿಗೆ ಕಥೆ ಬೇಕು, ಇವರಿಗೆ ಟೂರಿಸ್ಟುಗಳು ಬೇಕು" ಅಂದಳು ಹುಡುಗಿ. ಅವಳ ಮಾತಿನಲ್ಲೂ ಹುರುಳಿದೆ. ಪ್ರತಿ ಆಗಸ್ಟ್ ಕೊನೆಗೆ ಇಲ್ಲಿ ಮೂರು ಸಂಸ್ಕೃತಿಗಳ ಹಬ್ಬ ನಡೆಯುತ್ತದೆ: ಕ್ರಿಶ್ಚಿಯನ್, ಯಹೂದಿ, ಮುಸ್ಲಿಂ. ಮೂರರಲ್ಲಿ ಎರಡನ್ನು ಓಡಿಸಿಯಾದ ಮೇಲೆ ಹಬ್ಬ ಮಾಡುವುದು ಸುಲಭ. ಆದರೂ ಮರೆತುಬಿಡುವುದು ಇನ್ನೂ ಸುಲಭವಾಗಿತ್ತಲ್ವಾ? ಸೋತವರ ಹೆಸರು ಟೈಲ್ಸ್ ಮೇಲಾದರೂ ಇರಲಿ ಅನ್ನುವುದು ನನ್ನ ವಾದ. ನಮ್ಮಿಬ್ಬರ ಜಗಳ ಇತ್ಯರ್ಥ ಆಗಲಿಲ್ಲ.

ಊರಿನ ಬಾಗಿಲಲ್ಲೇ ಒಂದು ದೊಡ್ಡ ಹಳೇ ಕಟ್ಟಡ ಇದೆ. ಹೆಸರು ಎಲ್ ಇನ್ಹೆನಿಯೊ. 16ನೇ ಶತಮಾನದ ಕೊನೆಗೆ ಇಲ್ಲಿನ ಒಡೆಯರು ಕಟ್ಟಿಸಿದ ಅರಮನೆ, ಮುಂದೆ ಕಬ್ಬಿನ ಗಾಣವಾಯಿತು. ಈಗಲೂ ಅಲ್ಲಿ ಕಬ್ಬಿನ ಜೇನು ತಯಾರಾಗುತ್ತದೆ. ಯುರೋಪಿನಲ್ಲಿ ಇಂಥದ್ದು ಉಳಿದಿರುವುದು ಇದೊಂದೇ ಎನ್ನುತ್ತಾರೆ. ಜೇನು ಅಂದರೆ ಜೇನುಹುಳದ ಕೆಲಸ ಏನೂ ಇಲ್ಲ. ಕಬ್ಬಿನ ಹಾಲನ್ನು ಕಾಯಿಸಿ ಕಾಯಿಸಿ ಮಂದ ಮಾಡಿದ್ದು. ಬಾಟಲಿ ಬಗ್ಗಿಸಿ ನೋಡುತ್ತಿದ್ದಂತೆ ನಾನು "ಅಯ್ಯೋ, ಇದು ನಮ್ಮ ಜೋನಿ ಬೆಲ್ಲ ಕಣೇ!" ಅಂದುಬಿಟ್ಟೆ. ಅಂಗಡಿಯವರು ತಿರುಗಿ ನೋಡಿದರು.

ಮಂಡ್ಯದವಳಿಗೆ ಆಲೆಮನೆ ಹೊಸದಲ್ಲ. ಆದರೆ ನಮ್ಮ ಕಡೆಯ ಕಬ್ಬು ಇಲ್ಲಿಗೆ ಬಂದ ದಾರಿ ನೋಡಿ. ಇಂಡಿಯಾದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಜೊತೆ ಮೆಡಿಟರೇನಿಯನ್ ದಂಡೆಗುಂಟ ಪಶ್ಚಿಮಕ್ಕೆ. 10ನೇ ಶತಮಾನದ ಹೊತ್ತಿಗೆ ಈ ಕರಾವಳಿಯಲ್ಲಿ ಕಬ್ಬಿನ ಗದ್ದೆಗಳಿದ್ದವು. 1493ರಲ್ಲಿ ಕೊಲಂಬಸ್ ಎರಡನೇ ಸಲ ಹಡಗು ಹತ್ತಿದಾಗ ಕೆನರಿ ದ್ವೀಪದಿಂದ ಅಮೆರಿಕದ ಕಡೆಗೆ ಕಬ್ಬು ತೆಗೆದುಕೊಂಡು ಹೋದ. ಕೊನೆಗೆ ಆ ಕಡೆಯ ಅಗ್ಗದ ಸಕ್ಕರೆಯೇ ಈ ಕಡೆಯ ಗಾಣಗಳಿಗೆ ಪೆಟ್ಟು ಕೊಟ್ಟಿತು. ನೆರ್ಹಾದ ಪಕ್ಕದಲ್ಲಿ ನಾಲ್ಕು ಅಂತಸ್ತಿನ ಕಮಾನುಗಳ ಒಂದು ನೀರುಗಾಲುವೆ ಇದೆ, 19ನೇ ಶತಮಾನದ್ದು. ಎಲ್ಲರೂ ಅದನ್ನು ರೋಮನ್ನರದ್ದು ಅಂದುಕೊಳ್ಳುತ್ತಾರೆ. ಕಟ್ಟಿದ್ದು ಸಕ್ಕರೆ ಕಾರ್ಖಾನೆಗೆ ನೀರು ಒಯ್ಯಲು. 2006ರಲ್ಲಿ ಈ ಕರಾವಳಿಯ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚಿತು, ಕಬ್ಬಿನ ಕಟಾವೂ ಅಲ್ಲಿಗೇ ಮುಗಿಯಿತು. ಗದ್ದೆಗಳಲ್ಲಿ ಮನೆ ಎದ್ದವು, ಬೆಣ್ಣೆಹಣ್ಣು, ಮಾವು ಬಂದವು.

ಊಟಕ್ಕೆ ಕುಳಿತಾಗ ಹುಡುಗಿ ನನ್ನನ್ನು ಕೇಳದೆಯೇ ಬದನೆಕಾಯಿ ಹೇಳಿದಳು. ಬೆರಳುದ್ದ ಸೀಳಿ, ಹಿಟ್ಟಿನಲ್ಲಿ ಹೊರಳಿಸಿ, ಆಲಿವ್ ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಮೇಲೆ ಕಬ್ಬಿನ ಜೇನು ಸುರಿದು ತಂದರು. ನಂಬಲಿಕ್ಕಾಗಲಿಲ್ಲ. ಬದನೆಕಾಯಿಗೆ ಬೆಲ್ಲವಾ? ಬಾಯಿಗಿಟ್ಟರೆ ಮೊದಲು ಉಪ್ಪು, ಆಮೇಲೆ ಸಿಹಿ, ಕೊನೆಗೆ ನಾಲಿಗೆ ತುದಿಯಲ್ಲಿ ಚೂರು ಕಹಿ. ಒಳಗೆ ಬದನೆ ಬೆಣ್ಣೆಯಾಗಿ ಕರಗುತ್ತದೆ. ತಟ್ಟೆ ಖಾಲಿಯಾದ ಮೇಲೆ ಇನ್ನೊಂದು ತಟ್ಟೆ ಹೇಳಿದ್ದು ನಾನೇ. ಬದನೆಕಾಯಿಯೂ ಅರಬರ ಜೊತೆಗೇ ಸ್ಪೇನಿಗೆ ಬಂದದ್ದು. ಜನರನ್ನು ಹೊರಗಟ್ಟಿದವರು ಅವರ ಅಡುಗೆಮನೆಯನ್ನು ಮಾತ್ರ ಇಟ್ಟುಕೊಂಡರು.

ವಾಪಸ್ ಬರುವಾಗ ಎರಡು ಬಾಟಲಿ ಕೊಂಡೆ. ಒಂದು ಹುಡುಗಿಯ ರೂಮಿಗೆ, ಒಂದು ಊರಿಗೆ. ಬಟ್ಟೆ ನಡುವೆ ಸುತ್ತಿಟ್ಟು ಮಂಡ್ಯದವರೆಗೆ ಜೋಪಾನವಾಗಿ ತಂದು ಅಣ್ಣನ ಮುಂದೆ ಇಟ್ಟೆ, ಎಂಟುನೂರು ವರ್ಷದ ಚರಿತ್ರೆಯನ್ನೂ ಒಪ್ಪಿಸಿದೆ. ಅವನು ದೋಸೆಗೆ ಹಚ್ಚಿಕೊಂಡು, ಚಪ್ಪರಿಸಿ, ಒಂದು ನಿಮಿಷ ಯೋಚಿಸಿ ಹೇಳಿದ: "ಚೆನ್ನಾಗಿದೆ. ಆದರೆ ಗಾಣದವನು ಸ್ವಲ್ಪ ಜಾಸ್ತಿ ಕಾಯಿಸಿಬಿಟ್ಟಿದ್ದಾನೆ."