ಚಿಗವ್ವನ ಪಹಣಿ

ಜಾಮೀನು ಸಿಕ್ಕಿತು ಅಂದರೆ ಹುಡುಗ ಮನೆಗೆ ಬಂದಂಗೇ ಅಂತ ತಿಳಿದಿದ್ದೆ. ಮಂಗಳವಾರ ಸಂಜೆ ವಕೀಲರು ಫೋನ್ ಮಾಡಿ 'ಆರ್ಡರ್ ಆಯ್ತು' ಅಂದಾಗ ಓಣಿಯಲ್ಲಿ ಚಹಾ ಹಂಚಿದ್ದೂ ಆಯಿತು. ಅವನು ಹೊರಗೆ ಬಂದದ್ದು ಶುಕ್ರವಾರ.

ನಮ್ಮದು ಗಂಗಾವತಿ ಕಡೆಯ ಊರು. ಎಡದಂಡೆ ಕಾಲುವೆ, ಭತ್ತದ ಗದ್ದೆ. ರಾತ್ರಿ ನೀರು ತಿರುಗಿಸುವಾಗ ಜಗಳ ಬಿದ್ದು, ಪಕ್ಕದ ಮನೆಯ ಹುಡುಗ ಸಲಿಕೆ ಬೀಸಿದ. ಎದುರಿನವನ ಕೈ ಮುರಿಯಿತು. ಬರೀ ಕೈಯಲ್ಲಿ ಹೊಡೆದಿದ್ದರೆ ಠಾಣೆಯಲ್ಲೇ ಜಾಮೀನು ಆಗುವ ಕೇಸು, ಸಲಿಕೆ ಬಂದದ್ದಕ್ಕೆ ಕೋರ್ಟ್ ಬೇಕಾಯಿತು ಅಂದರು ವಕೀಲರು.

ಆರ್ಡರ್‌ನಲ್ಲಿ ಇದ್ದದ್ದು ಇಷ್ಟು: 50 ಸಾವಿರದ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಹುಡುಗನ ಅವ್ವ ಬೆಂಡೋಲೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು. 'ದುಡ್ಡು ಕಟ್ಟೋದಲ್ಲವ್ವಾ, ಬರೆದು ಕೊಡೋದು. ಅವ ತಾರೀಖಿಗೆ ತಪ್ಪಿಸಿಕೊಂಡ್ರೆ ಆವಾಗ ಕಟ್ಟೋದು' ಅಂದರು ವಕೀಲರು. ಅವಳು ಬೆಂಡೋಲೆ ಹಾಕಿಕೊಳ್ಳಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬುಧವಾರ ನಾನೇ ಜಾಮೀನು ನಿಲ್ಲಲು ಹೋದೆ. ಆಧಾರ್, ಫೋಟೊ, ಪಹಣಿ ಎಲ್ಲ ಇತ್ತು. ಗುಮಾಸ್ತರು ಪಹಣಿಯಲ್ಲಿದ್ದ ಹೆಸರಿನ ಮೇಲೆ ಪೆನ್ನು ಇಟ್ಟು, 'ಇವರು ಬಂದಾರೇನು?' ಅಂದರು.

'ನಮ್ಮ ಅಪ್ಪ ಸರ್. ತೀರಿಕೊಂಡು ನಾಲ್ಕು ವರ್ಷ ಆಯ್ತು.'

'ಹಂಗಾದ್ರೆ ಅವರು ಬರೋದು ಕಷ್ಟ.'

ಪೌತಿ ಖಾತೆ, ಅಂದರೆ ತೀರಿಕೊಂಡ ಅಪ್ಪನ ಹೊಲ ನನ್ನ ಹೆಸರಿಗೆ, ಮಾಡಿಸದೆ ಸುಮ್ನೆ ಕೂತಿದ್ದಕ್ಕೆ ಆವತ್ತು ಬಿತ್ತು ನೋಡಿ ಏಟು. ಹೊಲ ನಾನೇ ಉಳುತ್ತೇನೆ, ಕಾಗದದಲ್ಲಿ ನನ್ನದು ಒಂದು ಗುಂಟೆಯೂ ಇಲ್ಲ!

ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಬಂದು, ನಾಲ್ಕು ಸಾವಿರ ಕೊಟ್ಟರೆ ಪಹಣಿ ಸಮೇತ ಆಳು ಕೊಡುತ್ತೇನೆ ಅಂದ. ವಕೀಲರು ಗದರಿದರು. ಈ ಹಿಂದೆ ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಅಂತ ಜಾಮೀನುದಾರ ಕೋರ್ಟಿಗೆ ಹೇಳಲೇಬೇಕು. 2024ರ ಜುಲೈಯಿಂದ ಬಂದ ಹೊಸ ಕಾಯ್ದೆಯಲ್ಲೂ ಅದು ಇದೆ. ಯಾರೂ ಸಿಗದಿದ್ದರೆ? ಜಾಮೀನು ಆರ್ಡರ್ ಆಗಿ 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವುದನ್ನು ನೋಡಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆಯಂತೆ. ಹುಡುಗನ ಅವ್ವನಿಗೆ ಕೇಳಿಸಿದ್ದು 'ತಿಂಗಳು' ಅನ್ನುವುದೊಂದೇ.

ಕೊನೆಗೆ ನೆನಪಾದವಳು ನಮ್ಮ ಚಿಗವ್ವ. ಎರಡು ಎಕರೆ, ಅವಳದೇ ಹೆಸರಲ್ಲಿ. ಗುರುವಾರ ಬಸ್ಸಿನಲ್ಲಿ ಕೇಳಿದಳು: 'ಅವ ಓಡಿ ಹೋದ್ರ ನನ್ನ ಹೊಲಾ ಹೋಗ್ತೈತೇನು?' ಮೊದಲು ನೋಟಿಸ್ ಬರುತ್ತದೆ, 50 ಸಾವಿರ ಕೇಳುತ್ತಾರೆ, ಕಟ್ಟದಿದ್ದರೆ ವಸೂಲಿಗೆ ಬರುತ್ತಾರೆ ಅಂತ ಇದ್ದದ್ದು ಇದ್ದಂಗೆ ಹೇಳಿದೆ. ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿಸುವುದು ಸರಿಯಲ್ಲ, ಅಲ್ವಾ? ಗಂಗಾವತಿ ಬರುವವರೆಗೂ ಅವಳು ಮಾತಾಡಲಿಲ್ಲ.

ನ್ಯಾಯಾಧೀಶರು, 'ಹುಡುಗ ನಿಮಗೆ ಏನಾಗಬೇಕು?' ಅಂದರು. 'ಏನೂ ಆಗಬೇಕಿಲ್ರಿ, ಗೋಡೆ ಆಚೆ ಮನಿ. ಸಣ್ಣಾವಿದ್ದಾಗಿಂದ ನೋಡೀನಿ.' ಶಾಯಿ ಹತ್ತಿದ ಬೆರಳನ್ನು ಕೋರ್ಟಿನ ಕಂಬಕ್ಕೆ ಒರೆಸಲು ಹೋದಳು, ನಾನು ಕೈ ಹಿಡಿದೆ.

ಬಿಡುಗಡೆ ಆದೇಶ ಕೊಪ್ಪಳದ ಜೈಲಿಗೆ ಮುಟ್ಟಿ, ಹುಡುಗ ಹೊರಬಿದ್ದಾಗ ಶುಕ್ರವಾರದ ಕತ್ತಲೆ.

ಪೌತಿ ಖಾತೆಗೆ ಮರುವಾರವೇ ಅರ್ಜಿ ಕೊಟ್ಟೆ. ಕೇಸು ಇನ್ನೂ ನಡೆದಿದೆ. ಪ್ರತಿ ತಾರೀಖಿನ ಹಿಂದಿನ ರಾತ್ರಿ ಚಿಗವ್ವ ಗೋಡೆ ಮೇಲಿಂದ ಕೂಗುತ್ತಾಳೆ: 'ಲೇ, ನಾಳೆ ಎಷ್ಟಕ್ಕೈತಿ ಬಸ್ಸು?'